ಅರ್ಧ ದಿನ ತಡವಾದ ಸುದ್ದಿ

…ಅಯ್ಯಯ್ಯೋ, ಎದ್ದು ಒಳಕ್ಕೋಗ್ಬ್ಯಾಡಿ ಬುದ್ದಿ! ನೀವು ಒಳಕ್ಕೋದ್ರೆ ನಾನು ಒಸ್ಲು ದಾಟಿ ಬರಂಗಿಲ್ಲ. ಅಂಗಳದಲ್ಲಿ ನಿಂತ್ಕಂಡು ಬಾಗ್ಲಿಗೆ ಯೋಳ್ಬೇಕಾಯ್ತದೆ. ಬಾಗ್ಲು ನಿಮಗಿಂತ ಚೆನ್ನಾಗಿ ಕೇಳಿಸ್ಕಂತದೋ ಏನೋ… ಆಂ, ಕೂತ್ರಾ? ಅಷ್ಟು ಸಾಕು. ಅಗ್ಗ ಒಸೀತಾನೇ ಇರಿ. ಕಿವಿ ಒಂದು ಇತ್ಲಾಗಿರ್ಲಿ.

ಇನ್ನೊಂದ್ಸಲ ಯೋಳ್ತೀನಿ. ನಿಮ್ಮ ತಂಗೀರು, ಲಕ್ಷ್ಮಿದೇವಮ್ಮಾರು ಬಂದವ್ರೆ. ಇಲ್ಲ, ಊರೊಳಕ್ಕೆ ಬಂದಿಲ್ಲ. ಬಸ್ಸು ನಿಲ್ತದಲ್ಲ, ಆ ಗೋಣಿಮರದ ಕೆಳಗೆ ಕಲ್ಲಿನ ಮ್ಯಾಲೆ ಕೂತವ್ರೆ, ಚೀಲ ಮಡ್ಲಲ್ಲಿಟ್ಕಂಡು. ಅದಿನೇಳು ವರ್ಸ ಆದ್ಮ್ಯಾಲೆ! ನಾನು ಎಮ್ಮೆ ಒಡ್ಕಂಡು ಓಯ್ತಾ ಇದ್ದೆ. “ಬೈರಾ” ಅಂತ ಕೂಗಿದ್ರು. ತಲೆ ಪೂರಾ ಬೆಳ್ಳಗಾಗೈತೆ, ಗಂಟ್ಲು ಮಾತ್ರ ಅಂಗೇ ಐತೆ. ಎಮ್ಮೇನೂ ನಿಂತ್ಬುಡ್ತು ಬುದ್ದಿ, ನಾನೂ ನಿಂತ್ಬುಟ್ಟೆ.

ಅವರು ಅಂದದ್ದು ಇಷ್ಟೇ. “ಬೈರಾ, ಅಣ್ಣನ್ಗೆ ಯೋಳು, ನಾನು ಬಂದಿವ್ನಿ. ಆಸನದ ಪ್ಯಾಟೆಯಿಂದ ಬಸ್ಸು ವಾಪಸ್ ಬರೋಗಂಟ ಇಲ್ಲೇ ಕೂತಿರ್ತೀನಿ. ಅವನೇ ಬಂದು ಕರುದ್ರೆ ಮನೆಗೆ ಬತ್ತೀನಿ. ಇಲ್ದಿದ್ರೆ ಅದೇ ಬಸ್ಸತ್ತಿ ನರಸೀಪುರದ ನಮ್ಮನೇಗೋಯ್ತೀನಿ. ಇನ್ನೊಂದ್ಸಲ ಬರಾಕೆ ನನ್ನ ಮಂಡಿ ಕೇಳಾಕಿಲ್ಲ.” ಅಷ್ಟೇ. ಬಸ್ಸು ಅನ್ನೆರಡಕ್ಕೆ. ಈಗ ನೆರಳು ನೋಡಿ, ಜಗುಲಿ ಹತ್ರಕ್ಕೆ ಬಂದೈತೆ.

ಯಾಕ್ ನಗ್ತೀರಿ?

ನಗ್ಲಿಲ್ವಾ? ಮೀಸೆ ಅಳ್ಳಾಡ್ದಂಗಾಯ್ತು, ಅದುಕ್ಕಂದೆ.

ಇನ್ನೊಂದು ಮಾತೂ ಅಂದ್ರು. ಅದ್ನ ಯೋಳ್ಲೋ ಬ್ಯಾಡ್ವೋ ಅಂತ ದಾರಿ ಉದ್ದಕ್ಕೂ ಯೋಚ್ನೆ ಮಾಡ್ಕಂಡು ಬಂದೆ. “ಅವ್ವನ ಸುದ್ದಿ ತಡವಾಗಿ ಕಳ್ಸಿದ್ದು ತಪ್ಪಾಯ್ತು ಅಂತ ಅಣ್ಣ ಒಂದೇ ಒಂದು ಮಾತು ಅನ್ಲಿ ಬೈರಾ, ಇನ್ನೇನೂ ಬ್ಯಾಡ” ಅಂದ್ರು… ಬುದ್ದಿ, ಅಗ್ಗಾನ ಅಂಗೆ ಎಳೀಬ್ಯಾಡಿ, ಕಿತ್ತೋಯ್ತದೆ. ನನಗ್ ಗೊತ್ತು. ನೀವು ಕೋಳಿ ಕೂಗೋ ಒತ್ತಿಗೇ ಕಳ್ಸಿದ್ರಿ. ನನ್ನೇ ಕಳ್ಸಿದ್ರಿ. ಕಟ್ಟಾಯದ ಮ್ಯಾಲಾಸಿ ನಡ್ಕಂಡೋದ್ರೆ ಸೂರ್ಯ ನೆತ್ತಿಗೆ ಬರೋ ಒತ್ತಿಗೆ ಅವರ ಮನೆ. ಮೊದ್ಲಿಂದ್ಲೂ ನೀವು ಅದ್ನೇ ಅಂತಿದ್ರಿ. ಮದ್ಯಾನ್ನಕ್ಕೇ ಸುದ್ದಿ ಮುಟ್ಟೈತೆ, ಅವಳ ಮೈದುನನ ಮಗೀನ ನಾಮಕರಣದ ಊಟ ಮುಗಿಸ್ಕಂಡು ನಿದಾನಕ್ಕೆ ಬಂದವಳೆ ಅಂತ. ಅವರು ಅಂತಾರೆ, ಅಣ್ಣ ನೀನೇ ಸಾಯಂಕಾಲದಗಂಟ ಸುದ್ದಿ ಬಚ್ಚಿಟ್ಕಂಡಿದ್ದೆ, ಅವ್ವನ ಮೊಖ ನಾನು ನೋಡ್ಬಾರ್ದು ಅಂತ. ಆವತ್ತು ಎಣ ಇನ್ನೂ ನಡುಮನೇಲಿತ್ತು. ನೀವಿಬ್ರೂ ಇದೇ ಅಂಗಳದಲ್ಲಿ ಊರೆಲ್ಲಾ ಕೇಳಂಗೆ ಕೂಗಾಡಿದ್ರಿ. ನಿಮ್ಮ ತಾಯಿ ದೊಡ್ಡವ್ವಾರು ಬದುಕಿದ್ರೆ ಇಬ್ರಿಗೂ ಸವಟಿನಲ್ಲಿ ಬಾರ್ಸೋರು.

ಓಗ್ಲಿ ಬುಡಿ. ಅದಲ್ಲ ನಾನು ಯೋಳಾಕೆ ಬಂದದ್ದು.

ನಾನು ಯೋಳಾಕೆ ಬಂದದ್ದು ವಯಸ್ಸಿನ ಮಾತು. ನಗ್ಬ್ಯಾಡಿ. ನಮ್ಮಪ್ಪನೂ ಈ ಊರ ಕುಳವಾಡಿ, ನಾನೂ ಕುಳವಾಡಿ. ಸತ್ತ ಸುದ್ದಿ, ಕೆಟ್ಟ ಸುದ್ದಿ, ಬಾ ಅಂಬೋ ಸುದ್ದಿ, ಎಲ್ಲಾನೂ ಊರಿಂದೂರಿಗೆ ಒರೋದು ನಮ್ ಮನೆತನ. ನಮ್ಮಪ್ಪ ಕಲಿಸಿದ್ದು ಒಂದೇ. “ಕೊಟ್ಟ ಮಾತ್ನ ಕೊಟ್ಟಂಗೇ ತಲುಪ್ಸು. ಒಂದು ಸೇರಿಸ್ಬ್ಯಾಡ, ಒಂದು ಬುಡಬ್ಯಾಡ.” ನಾನು ಅಂಗೇ ಮಾಡ್ದೆ. ಬಲು ಚೆನ್ನಾಗಿ ಮಾಡ್ದೆ. ಅದ್ರಲ್ಲಿ ಎಷ್ಟು ಸಂಸಾರ ಮುರ್ದೋ ನನಗ್ ಗೊತ್ತಿಲ್ಲ.

ಪಡುವಲ ಮನೆ ಮಂಜುನಾಥಪ್ಪಾರು ಗ್ಯಾಪ್ನ ಐತಾ? ಅವರ ಎಂಡ್ತಿ ಜಯಲಕ್ಷ್ಮಮ್ಮಾರು ಕ್ವಾಪ ಮಾಡ್ಕಂಡು ಅರಕಲಗೂಡಿನ ತವರಿಗೆ ಓಗಿ ನಾಕು ತಿಂಗ್ಳು ಕೂತ್ಬುಟ್ಟಿದ್ರು. ಒಂದಿನ ಮಂಜುನಾಥಪ್ಪಾರು ನನ್ನ ಕರ್ದು, “ಎಮ್ಮೆ ಈದೈತೆ ಅಂತ ಯೋಳ್ಬುಟ್ ಬಾ. ಅಷ್ಟೇ” ಅಂದ್ರು. ನಾನು ಅಷ್ಟು ದೂರ ನಡ್ಕಂಡೋಗಿ, “ಎಮ್ಮೆ ಈದೈತೆ” ಅಂದೆ. “ಇನ್ನೇನಂದ್ರು?” “ಇನ್ನೇನಿಲ್ಲ ತಾಯಿ, ಎಮ್ಮೆ ಈದೈತೆ, ಅಷ್ಟೇ.” ಆ ತಾಯಿ ಕಂಬ ಇಡ್ಕಂಡು ಅಳಾಕೆ ಶುರು ಮಾಡಿದ್ರು. ನನಗೆ ಗಾಬ್ರಿ. “ಅಳಬ್ಯಾಡಿ ತಾಯಿ, ಎಣ್ಣು ಕರ ಆಕೈತೆ” ಅಂದೆ!

ನೋಡಿ, ಈಗ ನಕ್ರಿ. ಈಗ ಮೀಸೆ ಅಲ್ಲ, ಒಟ್ಟೇನೂ ಅಳ್ಳಾಡ್ತು.

ಮಾರ್ನೇ ದಿನ ಅವರು ಗಂಡನ ಮನೇಗೆ ಬಂದ್ರು. ಆಲು ಕರಿಯಾಕೆ ಬಂದ್ರು ಅಂದ್ಕಂಡೆ ನಾನು. ಐವತ್ತು ದಾಟಿದ್ಮ್ಯಾಲೆ ಒಂದಿನ, ಕೆರೆ ಏರಿ ಮ್ಯಾಲೆ ಸುಮ್ಕೆ ಕೂತಿದ್ದಾಗ ತಟ್ಟಂತ ತಿಳೀತು, ಆ ಮಾತಿನೊಳಗೆ ಏನಿತ್ತು ಅಂತ. ಅಷ್ಟೊತ್ತಿಗೆ ಮಂಜುನಾಥಪ್ಪಾರೂ ಇಲ್ಲ, ಎಮ್ಮೇನೂ ಇಲ್ಲ. ಯಾರ ತಾವ ಓಗಿ ನಗ್ಲಿ?

ಈಗ ಅಂಗಲ್ಲ ಬುದ್ದಿ. ಈಗ ಜನ ಬಾಯಿ ಬುಡೋಕ್ಮುಂಚೇನೇ ನನಗೆ ಗೊತ್ತಾಯ್ತದೆ. ನನ್ ಮಗ ತಾಲ್ಲೂಕು ಕಚೇರೀಲಿ ಜವಾನ, ಅವನಂತಾನೆ, “ಬಾಯಲ್ಲಿ ಸುದ್ದಿ ಒರೋ ಕಾಲ ಓಯ್ತು ಕಣಪ್ಪ, ಒಂದು ಕಾರ್ಡು ಬರ್ದಾಕಿದ್ರೆ ಆಯ್ತು.” ಕಾರ್ಡಿಗೆ ಮೊಖ ನೋಡಾಕೆ ಬತ್ತದಾ? ಆದ್ರೆ ಈಗ ಯಾರೂ ನನ್ನ ಕಳ್ಸಾಕಿಲ್ಲ. ಕೆಲ್ಸ ಗೊತ್ತಾಗೋ ಒತ್ತಿಗೆ ಕೆಲ್ಸಾನೇ ಇಲ್ಲ.

ಆವತ್ತು ಒತ್ತಾರೆ ನೀವು ನನ್ನ ಕಳ್ಸಿದ್ರಲ್ಲ, ಏನಂದ್ರಿ? “ಅವ್ವನ್ಗೆ ಆಗ್ತಾ ಇಲ್ಲ ಅಂತ ಯೋಳು. ಬರಾದಾದ್ರೆ ಬರ್ಲಿ.” ಅಂಗಂದ್ಬುಟ್ಟು ಆ ಕಡೆ ತಿರುಗಿಕಂಡ್ರಿ. ಯಾಕೆ ತಿರುಗಿಕಂಡ್ರಿ ಅಂತ ನನಗೆ ಆಗ ಗೊತ್ತಾಗ್ಲಿಲ್ಲ. ಕಣ್ಣು ಒದ್ದೆ ಇತ್ತು, ಕಂಡಿದ್ದೆ. ಒಲೆ ಒಗೆ ತಾಗೈತೆ ಅಂದ್ಕಂಡೆ. ನಿಮ್ಮ ತಂಗಿ ಅಮ್ಮಾರ ಮುಂದೆ ನಿಂತು, “ಬರಾದಾದ್ರೆ ಬರ್ಲಿ ಅಂದವ್ರೆ” ಅಂತ ಒಪ್ಪಿಸಿದೆ, ಕಲ್ಲಿಟ್ಟಂಗೆ. ಮಾತು ತಗಂಡೋದೆ, ಕಣ್ಣೀರು ಇಲ್ಲೇ ಬುಟ್ಟೋದೆ. ಅದ್ನೂ ತಗಂಡೋಗು ಅಂತ ಯಾರೂ ಯೋಳ್ಲಿಲ್ವಲ್ಲ!

ಯಾಕೆ ಅಂಗ್ ನೋಡ್ತೀರಿ? ತಪ್ಪು ಮಾತಾಡಿದ್ನಾ?

ಬುದ್ದಿ, ನಿಮಗೀಗ ಅರವತ್ತೈದು. ಅಮ್ಮಾರಿಗೆ ಅರವತ್ತು. ನನಗೂ ಅಷ್ಟೇ ಇರ್ಬೈದು, ಯಾರು ಬರ್ದಿಟ್ಟವ್ರೆ? ಈ ವಯಸ್ಸಲ್ಲಿ ಯಾರದು ತಪ್ಪು ಅಂತ ಕೇಳಬಾರ್ದು. ಓಗಿ, ಮರದ ಕೆಳಗೆ ನಿಂತು, “ತಪ್ಪಾಯ್ತು ಕಣವ್ವ, ಬಾ” ಅಂದ್ಬುಡಿ. ಏನು ಸವೀತದೆ? ನಾನು ದಿನಕ್ಕೆ ಅತ್ತು ಸಲ ಅಂತೀನಿ. ಮಾಡ್ದಿರೋ ತಪ್ಪಿಗೂ ಅಂತೀನಿ. ದನ ಅಡ್ಡ ಬಂದ್ರೆ ದನಕ್ಕೂ ಅಂತೀನಿ. ಬಾಯಿ ಅಂಗೇ ಐತೆ. ದೊಡ್ಡೋರು ಒಂದ್ಸಲ ಅಂದ್ರೆ ಊರು ಮುಳುಗಾಕಿಲ್ಲ. ಅಮ್ಮಾರ ಮೊಖ ನೋಡಿದ್ರೆ ನೀವೂ ಅಂತೀರಿ. ಪಾಪ ಅವರೇನು ಮಾಡಿದ್ರು ಬುದ್ದಿ? ಆವತ್ತು ನಾನು ಸುದ್ದಿ ಯೋಳಿದ್ದೇ ತಡ, ಕೈಲಿದ್ದ ದೀಪಾನ ಗೂಡಿಗೂ ಇಡದೆ ಒಸ್ಲ ಮ್ಯಾಲಿಟ್ಟು, ಉಟ್ಟ ಸೀರೇಲೇ ಗಾಡಿ ಅತ್ತಿದ್ರು…

ಯಾಕೆ, ಅಗ್ಗ ಒಸಿಯಾದು ನಿಲ್ಲಿಸ್ಬುಟ್ರಿ?

ದೀಪ ಅಂದ್ನಾ? ಯಾವ ದೀಪ? ಅಂ… ದೇವರ ದೀಪ ಇರ್ಬೈದು. ನಾಮಕರಣದ ಮನೆ, ಅಗಲೊತ್ನಲ್ಲೂ ದೀಪ ಅಚ್ಚಿರ್ತಾರೆ. ಅಲ್ವಾ? ನಿಮ್ಮಲ್ಲಿ ಅಚ್ಚಾಕಿಲ್ವಾ?

ಬೆರಳು ಯಾಕೆ ಮಡಿಸ್ತೀರಿ? ಬ್ಯಾಡ ಬುದ್ದಿ. ಕೋಳಿ ಕೂಗೋ ಒತ್ತು, ನೆತ್ತಿ ಒತ್ತು, ದೀಪದ ಒತ್ತು… ಅದೇನು ಎಣಿಸೋ ವಿಸ್ಯಾನಾ? ದಾರೀಲಿ ಬಿಸ್ಲಿತ್ತು. ಕಾಲಿಗೆ ಮುಳ್ಳು ಚುಚ್ಕಂಡಿತ್ತು. ಎಲ್ಲೋ ವಸಿ ಕೂತಿದ್ದೆ ಅಂತ ಕಾಣ್ತದೆ. ಅದಿನೇಳು ವರ್ಸದ ಇಂದ್ಲ ಮಾತು, ಯಾರಿಗೆ ಗ್ಯಾಪ್ನ ಇರ್ತದೆ?

ಏನಾರಾ ಅನ್ನಿ ಬುದ್ದಿ. ಬಯ್ರಿ. ನೀವು ಬಯ್ದ್ರೆ ನಾನು ಇನ್ನೊಂದು ಸುಳ್ಳು ಯೋಳ್ಬೈದು. ಇಂಗೆ ಸುಮ್ಕೆ ನೋಡ್ತಾ ಕೂತ್ರೆ ಎಂಗೆ ಯೋಳ್ಲಿ?

…ಮುಳ್ಳು ಚುಚ್ಕಂಡಿರ್ಲಿಲ್ಲ.

ನೆತ್ತಿ ಒತ್ತಿಗೇ ಓದೆ. ಮನೆ ಮುಂದೆ ಚಪ್ರ. ಜನ. ಯಾರೋ ನನ್ನ ನೋಡ್ಬುಟ್ಟು, “ಅಮ್ಮಾರ ತವರೂರ ಬೈರ ಬಂದವ್ನೆ, ಕೂತ್ಕಳ್ಲಾ, ಉಂಡ್ಕಂಡೋಗುವಂತೆ” ಅಂದ್ರು. ಯಾಕೆ ಬಂದೆ ಅಂತ ಯಾರೂ ಕೇಳ್ಲಿಲ್ಲ. ಅಮ್ಮಾರು ದೂರದಲ್ಲಿ ಓಡಾಡ್ತಾ ಇದ್ರು, ನಕ್ಕಂಡು. ಶುಭದ ಮನೇಲಿ ಅಳು ಆಕಬಾರ್ದು, ಊಟ ಮುಗೀಲಿ ಅಂದ್ಕಂಡೆ… ಇಲ್ಲ ಬುದ್ದಿ. ಅಂಗಂತ ಆಮೇಲೆ ಅಂದ್ಕಂಡದ್ದು. ಅದಿನೇಳು ವರ್ಸದಿಂದ ಅದ್ನೇ ಅಂದ್ಕಂಡು ಅಂದ್ಕಂಡು ನಿಜಾನೇ ಆಗೋಗಿತ್ತು. ನೀವು ಇಂಗೆ ನೋಡ್ದಿದ್ರೆ ಇವತ್ತೂ ನಿಜಾನೇ ಆಗಿರ್ತಿತ್ತು.

ಒಬ್ಬಟ್ಟು ಬುದ್ದಿ. ಒಬ್ಬಟ್ಟು ಬೇಯೋ ವಾಸ್ನೆ.

ಇಂದ್ಲ ದಿನದಿಂದ ಒಟ್ಟೇಲಿ ಏನೂ ಇರ್ಲಿಲ್ಲ. ಕಳ್ಸುವಾಗ ನೀವೂ ಉಂಡ್ಯಾ ಅಂತ ಕೇಳ್ಲಿಲ್ಲ. ತಪ್ಪು ಅಂತಲ್ಲ, ತಾಯಿ ಅಂಗೆ ಮಲಗಿರುವಾಗ ಯಾರು ಕೇಳ್ತಾರೆ. ಸುದ್ದಿ ಯೋಳಿದ್ರೆ ಅಮ್ಮಾರು ಗೋಳೋ ಅಂತ ಗಾಡಿ ಅತ್ತೋರು, ಅವರ ಇಂದೆ ನಾನೂ ಓಡ್ಬೇಕಾಯ್ತಿತ್ತು. ಉಂಡ್ಬುಟ್ಟು ಯೋಳಾಣ, ಒಂದು ಗಳಿಗೆ ಅಂದ್ಕಂಡೆ. ಒಂದೇ ಗಳಿಗೆ ಅಂತ ಸತ್ಯವಾಗ್ಲೂ ಅಂದ್ಕಂಡಿದ್ದೆ. ಆದ್ರೆ ನಿಮಗೇ ಗೊತ್ತಲ್ಲ ಬುದ್ದಿ, ನಿಮ್ಮೋರ ಮನೇಲಿ ನಮಗೆ ಎಲೆ ಆಕೋದು ಯಾವಾಗ ಅಂತ. ಮೊದ್ಲು ನೆಂಟ್ರ ಪಂಕ್ತಿ. ಆಮೇಲೆ ಊರೋರು. ಆಮೇಲೆ ಎಂಗಸ್ರು. ಆಮೇಲೆ ಗಾಡಿ ಒಡಿಯೋರು. ಪ್ರತಿ ಪಂಕ್ತಿ ಏಳುವಾಗ್ಲೂ, ಇನ್ನು ನಮ್ದೇ ಅಂತ ಕೊಟ್ಗೆ ಇಂದೆ ಕೂತಿದ್ದೆ. ಎದ್ದು ಯೋಳ್ಬುಡಾಣ ಅಂತ ಎರಡು ಸಲ ಎದ್ದೆ. ಎದ್ದಾಗ್ಲೆಲ್ಲ ಇನ್ನೊಂದು ಬುಟ್ಟಿ ಒಬ್ಬಟ್ಟು ಆಚೆ ಬರೋದು.

ನಮಗೆ ಬಡಿಸೋ ಒತ್ತಿಗೆ ದನ ಮನೇಗೆ ಬಂದಿದ್ವು. ಒಬ್ಬಟ್ಟು ತಣ್ಣಗಾಗಿತ್ತು. ಎರಡೇ ಕೊಟ್ರು.

ಅಲ್ಲಿ ಅಮ್ಮಾರು ದೀಪ ಅಚ್ಕಂಡು ಬಂದ್ರು. ಆಗ ಯೋಳ್ದೆ. ಕೈ ತೊಳೆದಿರ್ಲಿಲ್ಲ ಇನ್ನೂ.

ಗಾಡಿ ಇಂದೆ ಲಾಟೀನು ಇಡ್ಕಂಡು ನಡ್ಕಂಡು ಬಂದೆ. ನಾವು ಬರೋ ಒತ್ತಿಗೆ ದೊಡ್ಡವ್ವಾರು ಓಗ್ಬುಟ್ಟಿದ್ರು. ಮೊಬ್ಬಾದಾಗಿಂದ ‘ಲಕ್ಷ್ಮಿ ಬಂದ್ಲಾ, ಗಾಡಿ ಸದ್ದಾಯ್ತಾ’ ಅಂತಲೇ ಇದ್ರಂತೆ. ನೀವಿಬ್ರೂ ಇಲ್ಲೇ ಕೂಗಾಡಿದ್ರಿ. ನಾನು ಇಬ್ರ ಮಧ್ಯೆ ಲಾಟೀನು ಎತ್ತಿ ಇಡ್ಕಂಡು ನಿಂತಿದ್ದೆ. ಇಬ್ರ ಮೊಖಾನೂ ಚೆನ್ನಾಗಿ ಕಾಣ್ತಿತ್ತು. ನನ್ ಮೊಖಾನ ಯಾರೂ ನೋಡ್ಲಿಲ್ಲ. ಸುದ್ದಿ ತಂದೋನ್ನ ಒಂದು ಮಾತು ಕೇಳಾಣ ಅಂತ ಇಬ್ರಿಗೂ ಒಳೀಲಿಲ್ಲ. ಆಗ ಅದು ನನಗೆ ಪುಣ್ಯ ಅನ್ನಿಸ್ತು. ಈಗ ಏನನ್ನಿಸ್ತದೆ ಅಂತ ಗೊತ್ತಾಗ್ತಾ ಇಲ್ಲ. ಮುದ್ದಮ್ಮನ್ಗೂ ಯೋಳಿಲ್ಲ, ಕಟ್ಕಂಡ ಎಂಡ್ತಿಗೆ. ಮಾಡ್ದಿರೋದಕ್ಕೆಲ್ಲಾ ತಪ್ಪಾಯ್ತು ಅಂದಿವ್ನಿ. ಇದೊಂದಕ್ಕೆ ಅಂದಿರ್ಲಿಲ್ಲ. ತಪ್ಪಾಯ್ತು ಬುದ್ದಿ.

…ಅಷ್ಟೇನಾ? ಒಡೀರಿ. ಅಗ್ಗ ಕೈಲೇ ಐತೆ.

ಅಳ್ತಾ ಇದ್ದೀರಾ? ಇಲ್ಲಾ ಕ್ವಾಪವಾ? ಜನ ಬಾಯಿ ಬುಡೋಕ್ಮುಂಚೇನೇ ಗೊತ್ತಾಯ್ತದೆ ಅಂದ್ನಲ್ಲ, ಅದೂ ಸುಳ್ಳು ಅಂತ ಕಾಣ್ತದೆ. ನಿಮ್ಮ ಮೊಖದಲ್ಲಿ ನನಗೇನೂ ತಿಳೀತಾ ಇಲ್ಲ.

ಬಸ್ಸು ಕೆರೆ ಏರಿ ಅತ್ತೋ ಸದ್ದು, ಕೇಳ್ತಾ? ಅಮ್ಮಾರು ಎದ್ದು ಸೆರಗು ಸರಿ ಮಾಡ್ಕಂತಾ ಇರ್ತಾರೆ. ನೀವು ತಪ್ಪಾಯ್ತು ಅನ್ನಾಕೆ ನಿಮ್ಮದು ತಪ್ಪಿಲ್ಲ. ಅವರದೂ ಇಲ್ಲ. ಈಗ ಯಾರು ಯಾರಿಗೆ ಏನು ಯೋಳ್ಬೇಕು ಬುದ್ದಿ?

ಕೈ ಎತ್ತಿದ್ರಲ್ಲ… ಏನಂಗಂದ್ರೆ? ಓಗಿ ಕರ್ಕಂಬಾ ಅಂತ್ಲಾ? ನೀನೇ ಓಗಿ ಅವಳಿಗೂ ಯೋಳು ಅಂತ್ಲಾ? ಇಲ್ಲಾ ನನ್ನ ಕಣ್ಮುಂದೆ ನಿಲ್ಲಬ್ಯಾಡ ಅಂತ್ಲಾ? ಮೂರೂ ಒಂದೇ ಥರ ಕಾಣ್ತದೆ ಬುದ್ದಿ. ಬಾಯಿ ಬುಟ್ಟು ಒಂದು ಮಾತು ಕೊಡಿ. ಎಂಥದಾದ್ರೂ ಸರಿ. ಕೊಟ್ಟಂಗೇ ತಗಂಡೋಯ್ತೀನಿ. ಓಡೋಯ್ತೀನಿ. ಎಲ್ಲೂ ಕೂರಾಕಿಲ್ಲ.