ಅಕ್ಕನ ಅಂಗಡಿಯ ವೆಬ್‌ಸೈಟು

ಹಲ್ಲಿನ ಡಾಕ್ಟರ ಕೋಣೆಯ ಹೊರಗೆ ಮೇಷ್ಟ್ರು ಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿದಿದ್ದರೂ ಕಿವಿಯೆಲ್ಲ ಪಕ್ಕದ ಬೆಂಚಿನ ಮೇಲಿತ್ತು. ಅಲ್ಲಿ ಕೂತಿದ್ದವರು ಹೊಲಿಗೆ ಅಂಗಡಿಯ ಹೆಂಗಸು ಮತ್ತು ಕೆನ್ನೆ ಊದಿದ್ದ ಅವಳ ತಮ್ಮ.

"ನನ್ನ ಅಂಗಡಿ ವೆಬ್‌ಸೈಟು ಮತ್ತೆ ತೆರೀತಿಲ್ಲ ಕಣೋ."

"ಹೊಸ ಟೂಲ್ ಬಂದಿದೆ ಅಕ್ಕ. ಎಲ್ಲಾ ಕಿತ್ತು ಅದರಲ್ಲಿ ಕಟ್ತಾ ಇದೀನಿ."

"ಹೋದ ತಿಂಗಳೂ ಇದನ್ನೇ ಹೇಳಿದ್ದೆ."

"ಅದು ಹಳೇದಾಯ್ತು. ನಾನು ಕಲಿಯೋಷ್ಟರಲ್ಲಿ ಅದನ್ನ ಮಾಡಿದವರೇ ಕೈಬಿಟ್ರು. ಗಾಳಿ ಬಂದಾಗ ತೂರಿಕೋಬೇಕಲ್ವಾ?"

"ತೂರಿ ತೂರಿ ಕಾಳೂ ಹಾರಿಹೋಯ್ತು. ಗಿರಾಕಿಗಳೆಲ್ಲ ಎದುರಂಗಡಿ ಸೇರಿದ್ರು."

"ಅವರ ವೆಬ್‌ಸೈಟು ಹನ್ನೆರಡು ವರ್ಷದ್ದು. ಒಂದು ಫೋಟೋ, ಒಂದು ಫೋನ್ ನಂಬರು, ಅಷ್ಟೇ."

"ಮುಟ್ಟಿದ ತಕ್ಷಣ ತೆರ್ಕೊಳ್ಳುತ್ತೆ. ಅದನ್ನ ಕಟ್ಟಿದವನು ಯಾರು ಅಂತ ವಿಚಾರಿಸು, ನಂದೂ ಅವನಿಗೇ ಕೊಡ್ತೀನಿ."

ತಮ್ಮ ಊದಿದ ಕೆನ್ನೆ ಒತ್ತಿಕೊಂಡ.

"ನಾನೇ ಕಟ್ಟಿದ್ದು ಅಕ್ಕ. ಆಗ ನನಗೆ ಏನೂ ಬರ್ತಿರಲಿಲ್ಲ."

ನರ್ಸ್ ಬಾಗಿಲಲ್ಲಿ ನಿಂತು ಅವನ ಸರದಿ ಕೂಗಿದಳು. ಅಕ್ಕ ಅವನ ರಟ್ಟೆ ಹಿಡಿದೆಬ್ಬಿಸಿದಳು.

"ನಡಿ. ಹಲ್ಲಿನ ಜೊತೆ ನೀನು ಆಮೇಲೆ ಕಲಿತಿದ್ದನ್ನೂ ಕಿತ್ತುಬಿಡಿ ಅಂತ ಡಾಕ್ಟ್ರಿಗೆ ಹೇಳ್ತೀನಿ."