ನೀಲಿ ಅಂಗಿಯ ಪಕ್ಕದ ಹೊಲಿಗೆ

ನಾನು, ವಯಸ್ಸು 47 ವರ್ಷ, ಟೈಲರಿಂಗ್ ಕೆಲಸ, ವಾಸ ಔಷಧಿ ಅಂಗಡಿಯ ಮೇಲಿನ ಮಹಡಿ, ಈ ದಿನ ಠಾಣೆಗೆ ಹಾಜರಾಗಿ ಬರೆಸುತ್ತಿರುವುದೇನೆಂದರೆ,

ಮೇಲ್ಕಂಡ ವಿಳಾಸದಲ್ಲಿ ನಾನು, ನನ್ನ ಮಗ ಇಬ್ಬರೇ ಇರುತ್ತೇವೆ. ಮಗನಿಗೆ 22 ವರ್ಷ. ಕಡ್ಡಿ ಎಂದು ಕರೆಯುತ್ತೇನೆ. ಎರಡು ವರ್ಷದಿಂದ ಮಾದಕ ಇಂಜೆಕ್ಷನ್ ಚಟಕ್ಕೆ ಬಿದ್ದಿದ್ದಾನೆ. ಚಿಕಿತ್ಸಾ ಕೇಂದ್ರಕ್ಕೆ ಏಳು ಸಲ ಅಲೆದಿದ್ದೇನೆ. ಹಾಸಿಗೆ ಖಾಲಿ ಇಲ್ಲ, ಹೋಗಿ ಬನ್ನಿ ಎನ್ನುತ್ತಿದ್ದರು. ಹೋಗುವುದೂ ಬರುವುದೂ ನನಗೆ ಅಭ್ಯಾಸವಾಗಿತ್ತು.

ಸೋಮವಾರ ಬೆಳಿಗ್ಗೆ 11.20ಕ್ಕೆ ಕೇಂದ್ರದ ನರ್ಸ್ ಫೋನ್ ಮಾಡಿ, ಒಂದು ಹಾಸಿಗೆ ಖಾಲಿಯಾಗಿದೆ, ಗುರುವಾರ ಸಂಜೆ 5 ಗಂಟೆಯೊಳಗೆ ಕರೆತನ್ನಿ, ತಪ್ಪಿದರೆ ಬೇರೆಯವರಿಗೆ ಕೊಡುತ್ತೇವೆ ಎಂದರು. ನಾನು ಕುಣಿಯುವುದೊಂದು ಬಾಕಿ. ಅಲ್ಲಿಗೆ ಹಾಕಿಕೊಂಡು ಹೋಗಲೆಂದು ಆ ದಿನವೇ ನೀಲಿ ಅಂಗಿ ಹೊಲಿದೆನು. ಮಗನ ಎದೆಯಳತೆ 38 ಇದ್ದದ್ದು 32ಕ್ಕೆ ಇಳಿದಿತ್ತು. ಗುಣವಾಗಿ ಮೈ ತುಂಬಿಕೊಂಡರೆ ಬಿಚ್ಚಿ ಸಡಿಲ ಮಾಡೋಣವೆಂದು ಎರಡೂ ಪಕ್ಕ ಒಳಗೆ ಧಾರಾಳವಾಗಿ ಬಟ್ಟೆ ಬಿಟ್ಟಿದ್ದೆನು.

ಮಂಗಳವಾರ ಮಧ್ಯಾಹ್ನ 1 ಗಂಟೆಗೆ ಮಗ ತನ್ನ ಸ್ನೇಹಿತನನ್ನು ಕರೆತಂದನು. ಅವನೂ ಅದೇ ಚಟದವನು. ಗುಂಡ ಎನ್ನುತ್ತಿದ್ದರು. ಹಿಂದೆ ಮುಂದೆ ಯಾರೂ ಇಲ್ಲ. ಅಮ್ಮಾ, ಇವನನ್ನೂ ಸೇರಿಸ್ಕೋತಾರಾ ಕೇಳು, ನನಗಿಂತ ಹದಗೆಟ್ಟಿದ್ದಾನೆ ಎಂದು ಮಗ ಹೇಳಿದನು. ಇರೋದೇ ಒಂದು ಹಾಸಿಗೆ, ಬಂದವರಿಗೆಲ್ಲ ಹಂಚೋಕೆ ನಾನೇನು ಛತ್ರ ಇಟ್ಟಿದ್ದೀನಾ ಎಂದೆನು. ಗುಂಡನು ನಕ್ಕು, ಬಿಡೋ, ಅಮ್ಮ ಹೇಳೋದು ಸರಿ ಎಂದನು. ಕುಡಿಯಲು ನೀರು ಕೇಳಿದನು. ನಾನು ಕೊಡಲಿಲ್ಲ, ಬಾಗಿಲು ತೋರಿಸಿದೆನು.

1.25ಕ್ಕೆ ಇಬ್ಬರೂ ಮೆಟ್ಟಿಲಿಳಿದು ಹೋದರು. ಆಮೇಲೆ ನೋಡಲಾಗಿ ನೀಲಿ ಅಂಗಿ, ಒಂದು ಸೂಜಿ, ನೀಲಿ ದಾರದ ಉಂಡೆ ಇರಲಿಲ್ಲ. ಮಗ ಈವರೆಗೆ ಮನೆಗೆ ಬಂದಿಲ್ಲ.

ಈ ದಿನ ಗುರುವಾರ ಬೆಳಿಗ್ಗೆ 8.10ಕ್ಕೆ ಪೇದೆಯವರು ಬಂದು, ಬಸ್ ನಿಲ್ದಾಣದ ಹಿಂದೆ ಒಂದು ಶವ ಸಿಕ್ಕಿದೆ, ಅಂಗಿಯ ಕಾಲರಿನಲ್ಲಿ ನನ್ನ ಲೇಬಲ್ ಇದೆ ಎಂದರು. ಶವಾಗಾರದಲ್ಲಿ ಮೊದಲು ಅಂಗಿ ಕಂಡಿತು. ನೀಲಿ ಅಂಗಿ. 9.05ಕ್ಕೆ ಮುಖದ ಮೇಲಿನ ಬಟ್ಟೆ ಸರಿಸಿದರು. ನನ್ನ ಮಗನಲ್ಲ, ಗುಂಡ. ನಾನು ಗಟ್ಟಿಯಾಗಿ ನಕ್ಕುಬಿಟ್ಟೆನು. ಆ ನಗು ಈಗಲೂ ಕಿವಿಯಿಂದ ಹೋಗಿಲ್ಲ.

ಮತ್ತೆ ನೋಡಲಾಗಿ ಅಂಗಿಯ ಎರಡೂ ಪಕ್ಕ ಬಿಚ್ಚಿ, ನಾನು ಒಳಗೆ ಬಿಟ್ಟಿದ್ದ ಬಟ್ಟೆಯನ್ನು ಪೂರ್ತಿ ಹೊರಗೆಳೆದು, ಗುಂಡನ ಮೈಗೆ ಸರಿಯಾಗಿ ಕೈಯಲ್ಲಿ ಹೊಲಿದಿತ್ತು. ಮಗನಿಗೆ ಹತ್ತು ವರ್ಷವಿದ್ದಾಗ ನಾನೇ ಕಲಿಸಿದ ಹೊಲಿಗೆ. ಕೈ ನಡುಗಿ ಲೋಟ ಹಿಡಿಯಲಾರದವನು ಒಂದು ಕಡೆಯೂ ತಪ್ಪಿರಲಿಲ್ಲ.

10.30ಕ್ಕೆ ನಾನು ಕೇಂದ್ರಕ್ಕೆ ಫೋನ್ ಮಾಡಿದೆನು. ಬುಧವಾರ ಮಧ್ಯಾಹ್ನ 3.40ಕ್ಕೆ ಮಗ ಗುಂಡನನ್ನು ಅಲ್ಲಿಗೆ ಕರೆತಂದು, ನನ್ನ ಹಾಸಿಗೆ ಇವನಿಗೆ ಕೊಡಿ ಎಂದನೆಂದೂ, ಮನೆಯವರ ಸಹಿ ಇಲ್ಲದೆ ಆಗುವುದಿಲ್ಲವೆಂದು ವಾಪಸ್ ಕಳುಹಿಸಿದೆವೆಂದೂ ನರ್ಸ್ ತಿಳಿಸಿದರು.

ನನ್ನ ಮಗನನ್ನು 5 ಗಂಟೆಯೊಳಗೆ ಹುಡುಕಿಕೊಡಬೇಕು. ಗುಂಡನ ಸುದ್ದಿಯನ್ನು ಅವನಿಗೆ ಬೇರೆ ಯಾರೂ ಹೇಳಬಾರದು, ನಾನೇ ಹೇಳಬೇಕು. ಅಂಗಿಯನ್ನು ಶವದ ಮೈಮೇಲಿಂದ ತೆಗೆಯಬಾರದು. ಶವ ಪಡೆಯಲು ಮನೆಯವರ ಸಹಿ ಬೇಕೆಂದರು, ಹಾಕಿದ್ದೇನೆ. ಸಂಬಂಧ ಎಂಬಲ್ಲಿ ಏನು ಬರೆಯಲಿ ಎಂದು ಕೇಳಿದರು. ಅಂಗಿ ಹೊಲಿದವಳು ಎಂದು ಬರೆಸಿದ್ದೇನೆ.

ಇದನ್ನು ಓದಿಸಿ ಕೇಳಿದ್ದೇನೆ, ನಾನು ಹೇಳಿದಂತೆಯೇ ಇದೆ, ಎಲ್ಲವೂ ನಿಜ.

ಸ್ಥಳ: ಪೊಲೀಸ್ ಠಾಣೆ
ದಿನ: ಗುರುವಾರ, ಮಧ್ಯಾಹ್ನ 12.15
ಸಹಿ: (ಕಡ್ಡಿಯ ತಾಯಿ)