ಮೂರನೇ ಮಹಡಿಯ ಮನೆಯವರು ಹೊರಗೆ ಹೋಗಿದ್ದಾರೆ

ನಾನು, ಈ ಹೇಳಿಕೆಯ ಕೊನೆಯಲ್ಲಿ ಸಹಿ ಮಾಡಿರುವವಳು, ವಯಸ್ಸು 24 ವರ್ಷ, ವಿದ್ಯಾಭ್ಯಾಸ ಸಾಹಿತ್ಯದಲ್ಲಿ ಎಂ.ಎ., ವೃತ್ತಿ ಮನೆ ಮಾರಾಟದ ಕಚೇರಿಯಲ್ಲಿ ಜಾಹೀರಾತು ಬರೆಯುವುದು ಮತ್ತು ಬಂದವರಿಗೆ ಮನೆ ತೋರಿಸುವುದು, ವಾಸ ರೈಲು ನಿಲ್ದಾಣದ ಹಿಂದಿನ ಮಹಿಳಾ ಹಾಸ್ಟೆಲ್, ಕೊಠಡಿ ಸಂಖ್ಯೆ 31, ಈ ಮೂಲಕ ತಿಳಿಸುವುದೇನೆಂದರೆ:

ನಾನು ಈ ಕೆಲಸಕ್ಕೆ ಸೇರಿ ಏಳು ತಿಂಗಳಾಗಿದೆ. ಹಳೆಯ ತಂತಿ ಕಚೇರಿಯ ಕಟ್ಟಡದ ಮೂರನೇ ಮಹಡಿಯಲ್ಲಿ ಮಾರಾಟಕ್ಕಿರುವ ಮನೆಯನ್ನು ಪ್ರತಿ ಶನಿವಾರ ಬೆಳಿಗ್ಗೆ 10ರಿಂದ ಮಧ್ಯಾಹ್ನ 1ರವರೆಗೆ ತೋರಿಸುತ್ತೇನೆ. ಕಟ್ಟಡಕ್ಕೆ ನೂರ ಮೂವತ್ತು ವರ್ಷ. ಅದನ್ನು ಹನ್ನೆರಡು ಐಷಾರಾಮಿ ಮನೆಗಳಾಗಿ ಮಾಡಿದ್ದಾರೆ. ಹನ್ನೊಂದು ಮಾರಾಟವಾಗಿವೆ. ಕೊಂಡವರಲ್ಲಿ ಹೆಚ್ಚಿನವರು ಬೇರೆ ಊರಿನಲ್ಲಿದ್ದಾರೆ. ಮೂರನೇ ಮಹಡಿಯಲ್ಲಿ ಯಾರೂ ವಾಸವಿಲ್ಲ.

ನಮ್ಮ ಕಚೇರಿಯಲ್ಲಿ ಖಾಲಿ ಮನೆಯನ್ನು ಖಾಲಿಯಾಗಿ ತೋರಿಸುವ ಪದ್ಧತಿ ಇಲ್ಲ. ಮಂಚ, ಮೇಜು, ಪರದೆಗಳನ್ನು ಬಾಡಿಗೆಗೆ ತಂದು ಹಾಕುತ್ತಾರೆ. ಮಂಚದ ಕೆಳಗೆ ಹೆಂಗಸರ ಚಪ್ಪಲಿ ಒಂದು ಜೊತೆ, ಮೇಜಿನ ಮೇಲೆ ಮಗುಚಿಟ್ಟ ಪುಸ್ತಕ, ಅದರ ಮೇಲೆ ಕನ್ನಡಕ. ದೀಪ ಮತ್ತು ರೇಡಿಯೊ ಶನಿವಾರ 10ಕ್ಕೆ ತಾವೇ ಹತ್ತಿ 1ಕ್ಕೆ ಆರುವಂತೆ ಟೈಮರ್ ಇದೆ. ಯಾರಾದರೂ ಕೇಳಿದರೆ ‘ಮನೆಯವರು ಹೊರಗೆ ಹೋಗಿದ್ದಾರೆ’ ಎಂದು ಹೇಳಬೇಕು. ಇದು ಸುಳ್ಳಾಗುವುದಿಲ್ಲವೇ ಎಂದು ಮೊದಲ ದಿನ ಕಚೇರಿಯ ಮಾಲೀಕರನ್ನು ಕೇಳಿದೆ. ಆಡಿದ ಮಾತನ್ನು ಆಡಿದಂತೆಯೇ ಹೇಳಬೇಕೆಂದು ಈ ಠಾಣೆಯ ಇನ್‌ಸ್ಪೆಕ್ಟರು ಸೂಚಿಸಿರುವುದರಿಂದ ಹಾಗೆಯೇ ಹೇಳುತ್ತೇನೆ. ಮಾಲೀಕರು, “ಖಾಲಿ ಮನೆ ಖಾಲಿ ಹೊಟ್ಟೆ ಇದ್ದಂಗಮ್ಮ. ಎಷ್ಟು ಸಿಂಗಾರ ಮಾಡಿದ್ರೂ ಗುರ್ ಅನ್ನುತ್ತೆ. ಯಾರೋ ಈಗ ತಾನೇ ಎದ್ದು ಹೋದ ಹಾಗೆ ಕಾಣ್ಬೇಕು” ಎಂದರು.

ಮೇಜಿನ ಮೇಲೆ ಅರ್ಧ ಬರೆದ ಪತ್ರ ಇಡುವ ಯೋಚನೆ ನನ್ನದು. ಆ ಮನೆಯಲ್ಲಿ ಒಬ್ಬಳೇ ಇರುವ ಹೆಂಗಸು ದೂರದಲ್ಲಿರುವ ತನ್ನ ಅಕ್ಕನಿಗೆ ಬರೆಯುವ ಪತ್ರ. ಮಾಲೀಕರು ಮೊದಲನೆಯದನ್ನು ಓದಿ, ಚೆನ್ನಾಗಿದೆ, ಆದರೆ ಓದಿದವರನ್ನು ಅಳಿಸಬೇಡ, ನಾವು ಮನೆ ಮಾರಬೇಕು ಎಂದರು. ಆಮೇಲಿನವನ್ನು ಅವರು ಓದಲಿಲ್ಲ. ಪ್ರತಿ ಶನಿವಾರ ಹಳೆಯ ಹಾಳೆ ತೆಗೆದು ಹೊಸದನ್ನು ಇಡುತ್ತಿದ್ದೆ. ಒಟ್ಟು ಹತ್ತು ಪತ್ರ. ಮೊದಲ ಮೂರರಲ್ಲಿ ಕಿಟಕಿ, ಬೆಳಕು, ಹದಿನಾಲ್ಕು ಅಡಿ ಎತ್ತರದ ಛಾವಣಿಯ ವಿಷಯ ಇತ್ತು. ನಾಲ್ಕನೆಯದರಿಂದ ಬೇರೆ ವಿಷಯಗಳು ಬಂದವು. ನನಗೆ ಅಕ್ಕ ಇಲ್ಲ.

ಕಟ್ಟಡದ ಹಳೆಯ ಲಿಫ್ಟನ್ನು ನೋಡಿಕೊಳ್ಳುವ ಮೆಕ್ಯಾನಿಕ್ ಪ್ರತಿ ಶನಿವಾರ ಬರುತ್ತಾರೆ. ವಯಸ್ಸು ಸುಮಾರು 60. ಎಲ್ಲರೂ ಅವರನ್ನು ಲಿಫ್ಟಣ್ಣ ಎನ್ನುತ್ತಾರೆ. ಕೆಲಸ ಮುಗಿದ ಮೇಲೆ ಕುಡಿಯುವ ನೀರು ಕೇಳಿಕೊಂಡು ಮೂರನೇ ಮಹಡಿಗೆ ಬರುತ್ತಿದ್ದರು. ನೀರು ಕುಡಿದು, ಹಾಳೆಗೆ ಗ್ರೀಸ್ ತಗುಲದಂತೆ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಮೇಜಿನ ಮೇಲೆ ಬಗ್ಗಿ ಪತ್ರ ಓದುತ್ತಿದ್ದರು. ಒಂದು ಪತ್ರಕ್ಕೆ ನಾಲ್ಕರಿಂದ ಐದು ನಿಮಿಷ ತೆಗೆದುಕೊಳ್ಳುತ್ತಿದ್ದರು. ನಾನು ನೋಡದವಳಂತೆ ಕಿಟಕಿಯ ಬಳಿ ನಿಂತಿರುತ್ತಿದ್ದೆ. ಮನೆ ನೋಡಲು ಬಂದವರಲ್ಲಿ ಯಾರೂ ಪತ್ರವನ್ನು ಎರಡನೇ ಸಾಲಿನ ಆಚೆ ಓದಿದ್ದು ನನಗೆ ನೆನಪಿಲ್ಲ.

ಐದನೇ ಪತ್ರ ಇಟ್ಟ ಶನಿವಾರ ಅವರು, “ಏನಮ್ಮಾ, ನಿಮ್ಮ ಯಜಮಾನಿ ಇವತ್ತೂ ಸಿಗಲಿಲ್ಲ” ಎಂದರು. ಹೊರಗೆ ಹೋಗಿದ್ದಾರೆ ಎಂದೆ. “ಕಾಲಿಗೆ ಚಕ್ರ ಕಟ್ಕೊಂಡಿದಾರಾ? ಚಪ್ಪಲಿ ನೋಡಿದ್ರೆ ಇಲ್ಲೇ ಇದೆ!” ಎಂದು ನಕ್ಕರು. ಬೇರೆ ಜೊತೆ ಇದೆ ಎಂದೆ.

ಆರನೇ ಪತ್ರದಲ್ಲಿ, ಗಾಳಿ ಬೀಸಿದಾಗ ಕಿಟಕಿ ಯಾರೋ ತಟ್ಟಿದಂತೆ ಸದ್ದು ಮಾಡುತ್ತದೆ, ಎದ್ದು ನೋಡಿದರೆ ಯಾರೂ ಇರುವುದಿಲ್ಲ ಎಂದು ಬರೆದಿದ್ದೆ. ಮುಂದಿನ ಶನಿವಾರ ಲಿಫ್ಟಣ್ಣ ರಬ್ಬರ್ ಪಟ್ಟಿ ತಂದು, ಯಾವ ಕಿಟಕಿ ಎಂದು ಗೊತ್ತಾಗದೆ ಐದಕ್ಕೂ ಕೂರಿಸಿದರು. ಯಜಮಾನಿಗೆ ಇನ್ನು ನಿದ್ದೆ ಬರುತ್ತದೆ ಎಂದು ತಿಳಿಸಲು ಹೇಳಿದರು. ಸದ್ದು ಮಾಡುವ ಕಿಟಕಿ ನನ್ನ ಹಾಸ್ಟೆಲ್ ಕೊಠಡಿಯದು. ಆಗಲೇ ಅವರಿಗೆ ನಿಜ ಹೇಳಬೇಕಿತ್ತು. ಹೇಳಿದರೆ ಓದುವುದನ್ನು ಬಿಡುತ್ತಾರೆಂದು ಹೇಳಲಿಲ್ಲ.

ದಿನಾಂಕ 8ರ ಶನಿವಾರ ಇಟ್ಟ ಹತ್ತನೇ ಪತ್ರದ ಕೊನೆಯ ಸಾಲುಗಳು ಹೀಗಿವೆ: ‘ಅಕ್ಕಾ, ಮೂರು ದಿನದಿಂದ ಜ್ವರ. ಈ ಊರಿನಲ್ಲಿ ನನ್ನ ಬಾಗಿಲು ತಟ್ಟುವವರು ಯಾರೂ ಇಲ್ಲ. ನಾನು ಒಂದು ದಿನ ಏಳದೇ ಹೋದರೆ ಅದು ಗೊತ್ತಾಗಲು ಎಷ್ಟು ದಿನ ಬೇಕು ಎಂದು ಲೆಕ್ಕ ಹಾಕುತ್ತಾ ಮಲಗಿದ್ದೇನೆ.’ ಇದನ್ನು ಬರೆಯುವಾಗ ನನಗೆ ಜ್ವರ ಇರಲಿಲ್ಲ. ಲಿಫ್ಟಣ್ಣ ಅದನ್ನು ಎರಡು ಸಲ ಓದಿದರು. ಯಜಮಾನಿ ಎಲ್ಲಿ ಎಂದು ಕೇಳಿದರು. ಹೊರಗೆ ಹೋಗಿದ್ದಾರೆ ಎಂದೆ. “ಇಷ್ಟು ಜ್ವರ ಇಟ್ಕೊಂಡಾ?” ಎಂದರು. ಡಾಕ್ಟರ ಹತ್ತಿರ ಹೋಗಿದ್ದಾರೆ ಎಂದೆ. ಈ ಉತ್ತರವನ್ನು ಕಚೇರಿ ನನಗೆ ಹೇಳಿಕೊಟ್ಟದ್ದಲ್ಲ.

ದಿನಾಂಕ 13ರ ಗುರುವಾರದಿಂದ ನನಗೆ ನಿಜವಾಗಿಯೂ ಜ್ವರ ಬಂತು. 15ರ ಶನಿವಾರ ಬೆಳಿಗ್ಗೆ 8.10ಕ್ಕೆ ಕಚೇರಿಗೆ ಫೋನ್ ಮಾಡಿ ಬರಲಾಗುವುದಿಲ್ಲ ಎಂದು ತಿಳಿಸಿದೆ. ನನ್ನ ಬದಲಿಗೆ ಯಾರನ್ನೂ ಕಳುಹಿಸಲಿಲ್ಲ. ಟೈಮರನ್ನು ಯಾರೂ ನಿಲ್ಲಿಸಲಿಲ್ಲ.

ಮುಂದಿನದನ್ನು ನಾನು ಕಣ್ಣಾರೆ ಕಂಡಿಲ್ಲ, ಲಿಫ್ಟಣ್ಣ ಠಾಣೆಯಲ್ಲಿ ಹೇಳಿದ್ದನ್ನು ಕೇಳಿದ್ದೇನೆ. ಅವರು 11.20ಕ್ಕೆ ಕರೆಗಂಟೆ ಒತ್ತಿದರು. ಬಾಗಿಲು ತೆರೆಯಲಿಲ್ಲ. ಬಾಗಿಲಿನ ಬಣ್ಣದ ಗಾಜಿನಲ್ಲಿ ಒಳಗಿನ ದೀಪ ಕಂಡಿತು, ರೇಡಿಯೊ ಕೇಳಿಸಿತು. ಕಚೇರಿಗೆ ಫೋನ್ ಮಾಡಿದರು. ಫೋನ್ ತೆಗೆದ ಹುಡುಗಿ ರೂಢಿಯಂತೆ, ಮನೆಯವರು ಹೊರಗೆ ಹೋಗಿದ್ದಾರೆ ಎಂದಳು. ಹೊರಗೆ ಹೋದವರು ರೇಡಿಯೊ ಹಾಕಿಟ್ಟು ಹೋಗುತ್ತಾರೇನಮ್ಮ ಎಂದು ಇವರು ಕೇಳಿದ್ದಕ್ಕೆ ಫೋನ್ ಇಟ್ಟಳು. 11.35ಕ್ಕೆ ಅವರು ತಮ್ಮ ಕೆಲಸದ ಸಲಾಕೆಯಿಂದ ಬಾಗಿಲು ಮುರಿದರು. ಅದು ಕಟ್ಟಡದಷ್ಟೇ ಹಳೆಯ ಬಾಗಿಲು. ಸ್ನಾನದ ಮನೆ, ಕಪಾಟು, ಮಂಚದ ಅಡಿ ಎಲ್ಲ ಹುಡುಕಿ, 11.50ಕ್ಕೆ ಪತ್ರವನ್ನು ಕೈಯಲ್ಲಿ ಹಿಡಿದುಕೊಂಡು ತಾವೇ ಪೊಲೀಸರಿಗೆ ಫೋನ್ ಮಾಡಿದರು. ಪೊಲೀಸರು ಸಂಜೆ 5ರವರೆಗೆ ಮಹಡಿ ಮತ್ತು ಎರಡು ನೀರಿನ ಟ್ಯಾಂಕುಗಳನ್ನು ಹುಡುಕಿದರೆಂದು ತಿಳಿಯಿತು.

ಮಾಲೀಕರು ಲಿಫ್ಟಣ್ಣನ ಮೇಲೆ ಕೊಟ್ಟ ದೂರಿನಲ್ಲಿ, ಮನೆಯಲ್ಲಿ ಯಾವ ಪತ್ರವೂ ಇರಲಿಲ್ಲ, ಕಳ್ಳತನಕ್ಕೆ ನುಗ್ಗಿದವನು ಸಿಕ್ಕಿಬಿದ್ದ ಮೇಲೆ ತಾನೇ ಬರೆದುಕೊಂಡಿದ್ದಾನೆ ಎಂದು ಹೇಳಿದ್ದಾರೆ. ಇಂದು ಬೆಳಿಗ್ಗೆ 9.30ಕ್ಕೆ ನನಗೆ ಫೋನ್ ಮಾಡಿ, “ಆ ಮುದುಕನಿಗೆ ತಲೆ ಕೆಟ್ಟಿದೆ ಅಂತ ಒಂದು ಮಾತು ಹೇಳು, ಸಾಕು. ಪತ್ರ ಗಿತ್ರ ಅಂತ ಬಾಯಿ ಬಿಟ್ಟೆಯೋ, ನಾಳೆಯಿಂದ ಬರೋದೇ ಬೇಡ” ಎಂದರು. 10.40ಕ್ಕೆ ಹಾಸ್ಟೆಲ್ ಬಿಟ್ಟು ನಡೆದು 11.15ಕ್ಕೆ ಠಾಣೆಗೆ ಬಂದೆ.

ನನಗೆ ತೋರಿಸಿದ ಪತ್ರ ನನ್ನ ಕೈಬರಹ. ಉಳಿದ ಒಂಬತ್ತನ್ನೂ ತಂದು ಒಪ್ಪಿಸಿದ್ದೇನೆ. ಅಂಥ ಹೆಂಗಸು ಯಾರೂ ಇಲ್ಲ. ಲಿಫ್ಟಣ್ಣ ಬಾಗಿಲು ಮುರಿದದ್ದು ನಾನು ಬರೆದದ್ದನ್ನು ಓದಿ, ನಾನು ಹೇಳಿದ್ದನ್ನು ನಂಬಿ.

ಇದನ್ನು ಹೇಳುವಾಗ ಲಿಫ್ಟಣ್ಣ ಆರು ಅಡಿ ದೂರದ ಬೆಂಚಿನಲ್ಲಿ ಕುಳಿತಿದ್ದರು. ಅವರು ಎದ್ದು ಬಂದು, “ಅಂದ್ರೆ, ಅವರು ಬಿದ್ದೂ ಇಲ್ಲ, ಸತ್ತೂ ಇಲ್ಲ?” ಎಂದರು. ಇಲ್ಲ ಎಂದೆ. “ಸದ್ಯ” ಎಂದರು. ಆಮೇಲೆ, “ಎರಡು ದಿನದಿಂದ ಅನ್ನ ಗಂಟಲಲ್ಲಿ ಇಳೀತಿಲ್ಲ ಕಣಮ್ಮ ನಂಗೆ. ಓದಿದವರಮ್ಮ ನೀವು!” ಎಂದರು. ಕ್ಷಮಿಸಿ ಎಂದೆ. ಅವರು ಹೋಗಿ ಮತ್ತೆ ಬೆಂಚಿನಲ್ಲಿ ಕುಳಿತರು.

ಜ್ವರ ಇದ್ದ ಮೂರು ದಿನ ಹಾಸ್ಟೆಲಿನಲ್ಲಿ ಯಾರು ನೋಡಿಕೊಂಡರು ಎಂದು ಇನ್‌ಸ್ಪೆಕ್ಟರು ಕೇಳಿದರು. ಯಾರೂ ಇಲ್ಲ ಎಂದೆ. ಊಟದ ಪಟ್ಟಿಯಲ್ಲಿ ಗುರುತು ಹಾಕದಿದ್ದರೆ ಊಟ ಬೇಡವೆಂದೇ ಅಲ್ಲಿ ಅರ್ಥ.

ಹೇಳಿಕೆ ಕೊಟ್ಟವರನ್ನು ಬಲ್ಲ ಪರಿಚಿತರೊಬ್ಬರ ಸಹಿ ಬೇಕು, ಫೋನ್ ಮಾಡಿ ಯಾರನ್ನಾದರೂ ಕರೆಸಿ ಎಂದು ಬರೆದುಕೊಳ್ಳುತ್ತಿದ್ದ ಮಹಿಳಾ ಪೇದೆ ಹೇಳಿದರು. ನಾನು ಫೋನನ್ನು ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ಕುಳಿತೆ. ಲಿಫ್ಟಣ್ಣ ಪೆನ್ನು ಕೇಳಿದರು. ದೂರು ಇರುವುದೇ ನಿಮ್ಮ ಮೇಲೆ, ನೀವು ಸಹಿ ಮಾಡುವ ಹಾಗಿಲ್ಲ ಎಂದು ಪೇದೆ ತಡೆದರು. “ಈ ಹುಡುಗೀನ ನನಗಿಂತ ಹೆಚ್ಚು ಬಲ್ಲವರು ಈ ಊರಲ್ಲಿ ಇದ್ರೆ ಕರೀರಿ, ನಾನೂ ನೋಡ್ತೀನಿ. ಹತ್ತು ಕಾಗದ ಓದಿದೀನಿ” ಎಂದರು. ನಿಯಮ ಒಪ್ಪುವುದಿಲ್ಲವೆಂದು ಇನ್‌ಸ್ಪೆಕ್ಟರೂ ಹೇಳಿದರು. ಆ ಜಾಗವನ್ನು ಖಾಲಿ ಬಿಡಲಾಗಿದೆ. ಲಿಫ್ಟಣ್ಣನಿಗೆ ಹೋಗಲು ಅನುಮತಿ ಸಿಕ್ಕಿ ಇಪ್ಪತ್ತು ನಿಮಿಷವಾಗಿದೆ. ಅವರು ಇನ್ನೂ ಹೋಗಿಲ್ಲ.

ಇದನ್ನು ನನಗೆ ಓದಿ ಹೇಳಲಾಗಿದೆ. ಯಾರ ಒತ್ತಾಯವೂ ಇಲ್ಲದೆ, ನೆನಪಿರುವಷ್ಟನ್ನು ನಡೆದ ಹಾಗೆಯೇ ಹೇಳಿದ್ದೇನೆ. ಇದರಲ್ಲಿ ಕಲ್ಪಿಸಿ ಬರೆಸಿದ ಸಾಲು ಒಂದೂ ಇಲ್ಲ.

ಸ್ಥಳ: ಚೌಕದ ಪೊಲೀಸ್ ಠಾಣೆ
ದಿನಾಂಕ: 17, ಸೋಮವಾರ, ಮಧ್ಯಾಹ್ನ 1.25
ಹೇಳಿಕೆ ನೀಡಿದವಳ ಸಹಿ: (ಸಹಿ ಇದೆ)
ಪರಿಚಿತರ ಸಹಿ: